9999 ಆಟಗಳ ಟಿವಿ ಗೇಮ್: ನವಲಗುಂದ ಆವೃತ್ತಿಯ ಬಳಕೆದಾರರ ಕೈಪಿಡಿ

ಅಭಿನಂದನೆ

ನೀವು ಕೊಂಡಿರುವುದು ಒಂದು ಸೂಕ್ಷ್ಮ ಯಂತ್ರ. ಪೆಟ್ಟಿಗೆಯ ಮೇಲೆ ಎಂದೂ ಕೇಳದ ಕಂಪನಿಯ ಹೆಸರು, ಅದರ ಕೆಳಗೆ ಈ ಮಷಿನ್ನಿನಲ್ಲಿ ಎಂದೂ ಓಡದ ಆಟವೊಂದರ ಚಿತ್ರ, ಮೂಲೆಯ ನಕ್ಷತ್ರದೊಳಗೆ ‘9999 ಇನ್ 1’ ಎಂಬ ಬರಹ ಇದ್ದರೆ ಸರಿಯಾದ ಮಾಲನ್ನೇ ತಂದಿದ್ದೀರಿ. ಒಳಗೊಂದು ಚೀನೀ ಕೈಪಿಡಿಯೂ ಇರುತ್ತದೆ. ಅದನ್ನು ಓದಬಲ್ಲವರು ನವಲಗುಂದ ತಾಲ್ಲೂಕಿನಲ್ಲಿ ಸಿಗುವುದು ಕಷ್ಟವಾದ್ದರಿಂದ ಇದನ್ನು ಬರೆಯಬೇಕಾಯಿತು.

ಮಾಲು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿರಲಿ, ಯಮನೂರ ಜಾತ್ರೆಯ ಅಂಗಡಿಯಿಂದ ಬಂದಿರಲಿ, ಫೋನಿನಲ್ಲಿ ತರಿಸಿದ್ದಿರಲಿ, ಸೂಚನೆಗಳು ಅವೇ. ತೊಂಬತ್ತರ ದಶಕದಲ್ಲಿ ಲಿಟಲ್ ಮಾಸ್ಟರ್, ಮೀಡಿಯಾ ಎಂಬ ಹೆಸರುಗಳಲ್ಲಿ ಬಂದ ಕ್ಯಾಸೆಟ್ ಮಷಿನ್ನು, ಆಮೇಲೆ ಕೀಬೋರ್ಡಿನ ವೇಷದಲ್ಲಿ ಬಂದ ‘ಟಿವಿ ಕಂಪ್ಯೂಟರ್’, ಈಗ ಟಿವಿಯ ಹಿಂದೆ ಎಚ್‌ಡಿಎಂಐ ತೂತಿಗೆ ಸಿಕ್ಕಿಸುವ ಗೇಮ್ ಸ್ಟಿಕ್ಕು, ಮೂರಕ್ಕೂ ಇದೇ ಕೈಪಿಡಿ ಸಾಕು. ಮೊದಲೆರಡರ ಮೂಲಪುರುಷ ಒಬ್ಬನೇ: 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಬಿಟ್ಟ ಫ್ಯಾಮಿಕಾಮ್. ನಮ್ಮಲ್ಲಿಗೆ ಬಂದದ್ದು ಅವನ ನಕಲು. ಆ ಫ್ಯಾಮಿಕಾಮಿನ ಇಡೀ ಹೊಟ್ಟೆಯನ್ನು ಒಂದೇ ಚಿಪ್ಪಿಗೆ ಇಳಿಸಿ, ಮೇಲೊಂದು ಕರೀ ಅಂಟಿನ ಬೊಟ್ಟು ಇಟ್ಟ ಬೋರ್ಡು. ಬಿಚ್ಚಿ ನೋಡಿದವರಿಗೆ ಪೆಟ್ಟಿಗೆಯ ಮುಕ್ಕಾಲು ಭಾಗ ಖಾಲಿ ಇರುವುದು ಕಂಡು ಬೇಸರವಾಗುತ್ತದೆ. ಬಿಚ್ಚಬೇಡಿ.

ಜೋಡಣೆ

ಮೊದಲು ಟಿವಿ ಸಿಗಬೇಕು. ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಐತವಾರ ಸಂಜೆ ಕನ್ನಡ ಸಿನಿಮಾ ಇದ್ದಾಗ ಪ್ರಯತ್ನಿಸಬೇಡಿ ಎಂದಷ್ಟೇ ಹೇಳಬಹುದು. ಮನೆಯ ಹಿರಿಯರು “ಲೇ ತಮ್ಮಾ, ಪಿಚ್ಚರ್ ಟ್ಯೂಬ್ ಹೋಗ್ತೈತಿ, ಬಂದ್ ಮಾಡ್ರಲೇ” ಎನ್ನುವುದು ಮಷಿನ್ನಿನ ದೋಷವಲ್ಲ. ಪಿಕ್ಚರ್ ಟ್ಯೂಬೇ ಇಲ್ಲದ ಎಲ್‌ಇಡಿ ಟಿವಿಯ ಮುಂದೆಯೂ ಈ ಮಾತು ಬರುತ್ತದೆ. ವಾದಕ್ಕೆ ಇಳಿಯಬೇಡಿ.

ಟಿವಿಯ ಮುಂದೆ ಜಮಖಾನೆ ಹಾಸಿ. ನಮ್ಮೂರಿನ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನೆಯಾದರೆ ಇನ್ನೂ ಚಲೋ, ಎಷ್ಟು ಹೊತ್ತು ಕೂತರೂ ಕಾಲು ಜೋಮು ಹಿಡಿಯುವುದಿಲ್ಲ. ಒಂದೇ ಎಚ್ಚರಿಕೆ: ರಿಮೋಟಿನ ವಾಯರು ಜಮಖಾನೆಯ ಅಂಚಿನ ಎಳೆಗೆ ಸಿಕ್ಕಿಕೊಂಡಿರುವಾಗ ಯಾರಾದರೂ ಚಹಾ ತಗೊಂಡು ದಾಟಿದರೆ ಮಷಿನ್ನು ಟೇಬಲ್ಲಿನಿಂದ ನೇರ ನೆಲಕ್ಕೆ. ವಾಯರು ಗಿಡ್ಡ ಎಂದು ಚೀನಾದವರನ್ನು ಬೈಯಬೇಡಿ. 2016ರಲ್ಲಿ ನಿಂಟೆಂಡೊ ತಾನೇ ತನ್ನ ಹಳೆಯ ಮಷಿನ್ನಿನ ಪುಟ್ಟ ಪ್ರತಿ ಮಾಡಿ, ಒಳಗೆ 30 ಆಟ ತುಂಬಿ ಮಾರಿತು. ಅದರ ರಿಮೋಟಿನ ವಾಯರು ಸುಮಾರು ಎರಡೂವರೆ ಅಡಿ ಮಾತ್ರ! ಅಮೆರಿಕದವರೂ ಟಿವಿಗೆ ಮೂಗು ಹಚ್ಚಿ ಕೂತು ಆಡಿದರು.

ರಿಮೋಟಿನ ಪರಿಚಯ

ಅಂಗಡಿಯಲ್ಲಿ ಇದಕ್ಕೆ ಜಾಯ್‌ಸ್ಟಿಕ್ ಎನ್ನುತ್ತಾರೆ, ಮನೆಯಲ್ಲಿ ರಿಮೋಟು. ಎಡಕ್ಕೆ ಕೂಡಿಸುವ ಚಿಹ್ನೆಯಂಥ ಬಟನ್ನು. 1982ರಲ್ಲಿ ಗುನ್‌ಪೆಯ್ ಯೊಕೊಯ್ ಎಂಬ ನಿಂಟೆಂಡೊದ ಎಂಜಿನಿಯರು ‘ಡಾಂಕಿ ಕಾಂಗ್’ ಕೈಯಾಟಿಕೆಗೆ ರೂಪಿಸಿದ್ದು. ಬಲಕ್ಕೆ ಎ, ಬಿ. ನಡುವೆ ಸೆಲೆಕ್ಟ್, ಸ್ಟಾರ್ಟ್. ನಕಲು ಮಾಡಿದವರು ತಮ್ಮ ಕಡೆಯಿಂದ ಟರ್ಬೊ ಎ, ಟರ್ಬೊ ಬಿ ಎಂದು ಇನ್ನೆರಡು ಸೇರಿಸಿದರು. ಒತ್ತಿ ಹಿಡಿದರೆ ತಾನೇ ಪಟಪಟ ಒತ್ತಿಕೊಳ್ಳುತ್ತದೆ. ಮೂಲ ರಿಮೋಟಿನಲ್ಲಿ ಇಲ್ಲದ ಉಪಕಾರ.

ಎರಡನೇ ರಿಮೋಟಿನಲ್ಲಿ ಸ್ಟಾರ್ಟ್, ಸೆಲೆಕ್ಟ್ ಇಲ್ಲದಿದ್ದರೆ ಅಂಗಡಿಗೆ ವಾಪಸು ಒಯ್ಯಬೇಡಿ. ಮೂಲ ಫ್ಯಾಮಿಕಾಮಿನಲ್ಲೂ ಇರಲಿಲ್ಲ. ಆ ಜಾಗದಲ್ಲಿ ಒಂದು ಮೈಕು ಇತ್ತು. ನಕಲಿಯಲ್ಲಿ ಮೈಕೂ ಇಲ್ಲ, ಬಟನ್ನೂ ಇಲ್ಲ. ಹೀಗಾಗಿ ಆಟ ನಿಲ್ಲಿಸುವ ಅಧಿಕಾರ ಒಂದನೇ ರಿಮೋಟಿನವರದು, ಅಂದರೆ ಅಣ್ಣನದು. ತಮ್ಮ ಕಂದಕ ಜಿಗಿಯುವ ಹೊತ್ತಿಗೆ ಸರಿಯಾಗಿ ಸ್ಟಾರ್ಟ್ ಒತ್ತುವುದು, “ಯವ್ವಾ, ನೋಡಬೇ ಅಣ್ಣಾ ಪಾಜ್ ಮಾಡಾಕತ್ತಾನ” ಎಂಬ ದೂರು, ಇವೆಲ್ಲ ಮಷಿನ್ನಿನ ಸಾಮಾನ್ಯ ಕಾರ್ಯವೈಖರಿ.

ಒಳಗೆ ನಡೆಯುವುದು ಶಾಲೆಯ ಹಾಜರಿ. ಮಷಿನ್ನು ಸೆಕೆಂಡಿಗೆ ಐವತ್ತು ಅರವತ್ತು ಸಲ ರಿಮೋಟಿನ ಹಾಜರಿ ಕರೆಯುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಕ್ರಮ ಎಂದೂ ತಪ್ಪುವುದಿಲ್ಲ. ಇಷ್ಟಕ್ಕೆ ಐದು ತಂತಿ ಸಾಕು: ಕರೆಂಟಿಗೆ ಎರಡು, ‘ಹಾಜರಿ ಶುರು’ ಎನ್ನಲು ಒಂದು, ‘ಮುಂದಿನವ’ ಎನ್ನಲು ಒಂದು, ‘ಹಾಜರ್ ಸರ್’ ಎನ್ನಲು ಒಂದು. ‘ಮುಂದಿನವ’ ತಂತಿ ಕಡಿದರೆ ಮಾಸ್ತರು ಎಂಟು ಸಲವೂ ಎ ಹೆಸರನ್ನೇ ಕೂಗಿದಂತೆ. ಆಗ ನೀವು ಎ ಒತ್ತಿದರೆ ಎಂಟೂ ಬಟನ್ನು ಒತ್ತಿದ ಲೆಕ್ಕ, ಬೇರೆ ಯಾವುದನ್ನು ಒತ್ತಿದರೂ ಗೈರುಹಾಜರಿ. ಮಾರಿಯೋ ಜಿಗಿಯಲು ಹೋಗಿ ಪಾಜ್ ಆಗುತ್ತಾನೆ. ಮಷಿನ್ನಿಗೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನಿಸುವುದು ಇಂಥ ಹೊತ್ತಿನಲ್ಲೇ.

ದೋಷ ಮತ್ತು ಪರಿಹಾರ

ತಂತಿ ಕಡಿಯುವುದು ನಡುವೆಯಲ್ಲ, ರಿಮೋಟಿನ ಕುತ್ತಿಗೆಯಲ್ಲಿ, ವಾಯರು ಹೊರಬರುವ ಕಡೆ. ಅಲ್ಲಿ ಬಗ್ಗಿಸಿ ಹಿಡಿದರೆ ಬಟನ್ನು ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ಹಾಗೆ ಎಡಗೈ ಕಿರುಬೆರಳಿನಲ್ಲಿ ವಾಯರು ಬಗ್ಗಿಸಿ ಹಿಡಿದೇ ವರ್ಷಗಟ್ಟಲೆ ಆಡಿದವರಿದ್ದಾರೆ. ಬೆಸುಗೆ ಹಾಕಿಸಿದರೆ ನೆಟ್ಟಗಾಗುತ್ತದೆ, ಆದರೆ ರೇಡಿಯೋ ರಿಪೇರಿಯವರು ಟೇಪ್ ಸುತ್ತಿ ಕೊಡುವಾಗ “ಮತ್ತ ಜಗ್ಗಬ್ಯಾಡ್ರಿ” ಎಂದು ಹೇಳುವ ಮಾತನ್ನು ಯಾರೂ ಪಾಲಿಸಿದ ದಾಖಲೆಯಿಲ್ಲ.

ಬಟನ್ನು ಸತ್ತಿದ್ದರೆ ಹಿಂಬದಿಯ ಸ್ಕ್ರೂ ಬಿಚ್ಚಿ. ಸ್ಕ್ರೂಗಳನ್ನು ಜಮಖಾನೆಯ ಮೇಲೆ ಇಡಬೇಡಿ, ತಟ್ಟೆಯಲ್ಲಿಡಿ. ಒಳಗೆ ಮೆತ್ತನೆ ರಬ್ಬರು, ಅದರ ಒಳಮೈಗೆ ಬಟನ್ನಿಗೊಂದರಂತೆ ಕರೀ ಬಿಲ್ಲೆ. ಆ ಬಿಲ್ಲೆ ಬೋರ್ಡಿನ ಎರಡು ಗೆರೆಗಳನ್ನು ಮುಟ್ಟಿ ಕೂಡಿಸಿದಾಗಲೇ ‘ಹಾಜರ್’. ನಮ್ಮ ಎರೆಮಣ್ಣಿನ ಧೂಳು, ಚುರುಮುರಿಯ ಎಣ್ಣೆ, ಕೈಬೆವರು ಮೂರೂ ಕೂಡಿ ಆ ಗೆರೆಗಳ ಮೇಲೆ ಜಿಡ್ಡಾಗಿ ಕೂರುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಗೆರೆಗಳನ್ನು ತಿಕ್ಕಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಬಿಲ್ಲೆಯೇ ಸವೆದಿದ್ದರೆ ಸಿಗರೇಟು ಪಾಕೀಟಿನ ಬೇಗಡೆ ಕತ್ತರಿಸಿ ಅದರ ಮೇಲೆ ಅಂಟಿಸುವ ಪದ್ಧತಿಯಿದೆ. ಕೆಲವು ದಿನ ಹೊಸದಕ್ಕಿಂತ ಚಲೋ ಓಡುತ್ತದೆ. ಆಮೇಲೆ ಬೇಗಡೆ ಕಳಚಿ ಎರಡು ಗೆರೆಗಳ ಮೇಲೆಯೇ ಮಲಗಿಬಿಡುತ್ತದೆ, ಮತ್ತು ಮಾರಿಯೋ ಯಾರ ಅಪ್ಪಣೆಯೂ ಇಲ್ಲದೆ ಬಲಕ್ಕೆ ನಡೆದು ಗುಂಡಿಗೆ ಬೀಳುತ್ತಾನೆ.

ಸ್ಟಿಕ್ಕಿನ ವಾಯರಿಲ್ಲದ ರಿಮೋಟಿಗೆ ಈ ತಾಪತ್ರಯ ಕಡಿಮೆ, ಬೇರೆಯದು ಜಾಸ್ತಿ. ಅದಕ್ಕೆ ಬೇಕಾದ ಸಣ್ಣ ಸೆಲ್ಲು ಟಿವಿಯ ರಿಮೋಟಿನಲ್ಲೂ ಇರುತ್ತದೆ ಎಂಬುದನ್ನು ಮಕ್ಕಳು ಮೊದಲ ದಿನವೇ ಕಂಡುಹಿಡಿಯುತ್ತಾರೆ. ಅಜ್ಜನ ಧಾರಾವಾಹಿಯ ಹೊತ್ತಿಗೆ ಅದು ಬಹಿರಂಗವಾಗುತ್ತದೆ.

ಆಟದ ಆಯ್ಕೆ

ಈಗ ಮುಖ್ಯ ನಿಯಮ. ಆಟ ಆರಿಸುವುದು ನೀವಲ್ಲ, ರಿಮೋಟು. ಪರದೆಯ ಮೇಲೆ 9999 ಹೆಸರು ಕಾಣಿಸಿದರೂ ಆ ಹೊತ್ತಿಗೆ ಯಾವ ಬಟನ್ನು ಜೀವಂತವಿದೆಯೋ ಅದರ ಮೇಲೆ ನಿಮ್ಮ ಆಟ.

ಎಡ ಹೋಗಿದ್ದರೆ ‘ಸೂಪರ್ ಮಾರಿಯೋ’. 1985ರ ಈ ಆಟದಲ್ಲಿ ಪರದೆ ಹಿಂದಕ್ಕೆ ಸರಿಯುವುದೇ ಇಲ್ಲ, ಬಲಕ್ಕೆ ಹೋಗುವವನಿಗೆ ಎಡದ ಗೊಡವೆ ಕಡಿಮೆ. ಮೇಲೆ ಕೆಳಗೆ ಎರಡೂ ಸತ್ತಿದ್ದರೆ ‘ಗ್ಯಾಲಕ್ಸಿಯನ್’ ಅಥವಾ ಕಾರಿನ ‘ರೋಡ್ ಫೈಟರ್’, ಎರಡರಲ್ಲೂ ಅಡ್ಡ ಸರಿದರೆ ಸಾಕು. ಎ, ಬಿ ಎರಡೂ ಹೋದ ದುರ್ದಿನದಲ್ಲಿ ‘ಪ್ಯಾಕ್‌ಮ್ಯಾನ್’. ಬರೀ ನಾಲ್ಕು ದಿಕ್ಕು, ಗುಂಡಿಲ್ಲ, ಜಿಗಿತವಿಲ್ಲ. ಸೆಲೆಕ್ಟ್ ಹೋದರೆ ಮಾರಿಯೋದಲ್ಲಿ ‘ಇಬ್ಬರು ಆಟಗಾರರು’ ಎಂಬ ಸಾಲಿಗೆ ಇಳಿಯಲಾಗದು, ತಮ್ಮನಿಗೆ ಆ ದಿನ ಆಟವಿಲ್ಲ. ಸೆಲೆಕ್ಟ್ ಹಾಳಾದದ್ದು ಹೇಗೆ ಎಂದು ಅಣ್ಣನನ್ನು ಕೇಳಿ. ಸ್ಟಾರ್ಟ್ ಸತ್ತರೆ ಮಾತ್ರ ಯಾವ ಆಟವೂ ಇಲ್ಲ. ಓದಲು ಕೂರಿ.

ಎಂಟೂ ಬಟನ್ನು ನೆಟ್ಟಗಿವೆಯೇ ಎಂದು ತಿಳಿಯಲು ‘ಕಾಂಟ್ರಾ’ ಹಾಕಿ. ಹೆಸರು ಬರುವ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಇಬ್ಬರಿದ್ದರೆ ಸೆಲೆಕ್ಟ್, ಕೊನೆಗೆ ಸ್ಟಾರ್ಟ್. ಮೂರರ ಬದಲು 30 ಪ್ರಾಣ ಸಿಗುತ್ತದೆ. ಇದನ್ನು ಮೊದಲು ಹೊಂಚಿದವರು ಕೊನಾಮಿ ಕಂಪನಿಯ ಕಾಝುಹಿಸಾ ಹಾಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆಯ ಮಷಿನ್ನಿಗೆ ಇಳಿಸುವಾಗ ತಮಗೇ ಅದನ್ನು ಆಡಿ ಮುಗಿಸಲಾಗದೆ ಇಟ್ಟುಕೊಂಡ ಕಳ್ಳದಾರಿ ಇದು. ನವಲಗುಂದದಲ್ಲಿ ಇದು ರಿಮೋಟಿನ ಸಂಪೂರ್ಣ ತಪಾಸಣೆಯೂ ಹೌದು, ಯಾಕೆಂದರೆ ಇಬ್ಬರ ಆಟಕ್ಕೆ ಹಾಕಿದರೆ ಎಂಟರಲ್ಲಿ ಒಂದನ್ನೂ ಬಿಡುವುದಿಲ್ಲ. ಮೂರೇ ಪ್ರಾಣ ಬಂದರೆ ರಿಮೋಟಿನಲ್ಲಿ ಒಂದು ಹೆಣವಿದೆ ಎಂದರ್ಥ.

ಕಾಂಟ್ರಾದ ಮೂರನೇ ಹಂತ ಜಲಪಾತ. ಇಬ್ಬರೂ ಕೂಡಿ ಹತ್ತಬೇಕು. ಮುಂದಿರುವವನು ಮೇಲೇರಿದಂತೆ ಪರದೆಯೂ ಏರುತ್ತದೆ, ಹಿಂದುಳಿದವನು ಕೆಳ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಪ್ರಾಣವೆಲ್ಲ ತೀರಿದವನು ಜೊತೆಗಾರನ ಖಾತೆಯಿಂದ ಒಂದನ್ನು ಎತ್ತಿಕೊಳ್ಳಬಹುದು. ಕೇಳುವ ಅಗತ್ಯವಿಲ್ಲ. ನೀರಾವರಿ ಪಾಳಿ, ಹೊಲದ ಬದುವು ಕುರಿತ ಅಣ್ಣತಮ್ಮಂದಿರ ತಕರಾರು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

9999ರ ಲೆಕ್ಕ

ಒಂದು ಸೂಪರ್ ಮಾರಿಯೋ 40 ಕಿಲೋಬೈಟು. ಅಂಥವು 9999 ಎಂದರೆ 390 ಮೆಗಾಬೈಟಿನಷ್ಟು, ಒಂದು ಸಿಡಿಯ ಅರ್ಧಕ್ಕಿಂತ ಹೆಚ್ಚು. ಹಳೆಯ ಕ್ಯಾಸೆಟ್ಟಿನ ಚಿಪ್ಪು ಅದರ ಹತ್ತಿರಕ್ಕೂ ಹೋಗದು. ಒಳಗಿರುವುದು ಬೆರಳೆಣಿಕೆಯ ಆಟ, ಉಳಿದದ್ದೆಲ್ಲ ಅವೇ ಬೇರೆ ಬೇರೆ ಹೆಸರಿನಲ್ಲಿ. ಒಂದು ಕಡೆ ಮಾರಿಯೋ ಎರಡನೇ ಲೋಕದಿಂದ ಶುರು, ಇನ್ನೊಂದು ಕಡೆ ಎಂಟರಿಂದ, ಮತ್ತೊಂದು ಕಡೆ ಹೆಸರಷ್ಟೇ ಬೇರೆ. ಗೇಮ್ ಸ್ಟಿಕ್ಕಿನ ಕಾರ್ಡಿನಲ್ಲಿ ಜಾಗಕ್ಕೇನೂ ಬರವಿಲ್ಲ, ಆದರೂ ಪಟ್ಟಿ ಉದ್ದ ಮಾಡುವ ಚಟ ಅದಕ್ಕೂ ಅಂಟಿದೆ. ಶಾಲೆಯ ಪಾಟಿಚೀಲದಿಂದ ಒಂದು ನೋಟುಬುಕ್ಕು ತೆಗೆದು ಕೊನೆಯ ಪುಟದಲ್ಲಿ ನಂಬರು ಬರೆದಿಟ್ಟುಕೊಳ್ಳಿ. ಇಡೀ ಪಟ್ಟಿಯನ್ನು ಕೂತು ಪರೀಕ್ಷಿಸಲು ಬೇಸಿಗೆ ರಜೆಯೇ ಬೇಕು, ಅದೂ ಕರೆಂಟು ಇದ್ದರೆ.

ಕರೆಂಟಿನ ಮಾತು ಬಂತು. ಮಾರಿಯೋದಲ್ಲಿ ಆಟ ಉಳಿಸಿಡುವ ವ್ಯವಸ್ಥೆಯಿಲ್ಲ. ಕರೆಂಟು ಹೋದರೆ ಏಳನೇ ಲೋಕದಲ್ಲಿದ್ದವನೂ ಒಂದಕ್ಕೆ ವಾಪಸು. ಊಟಕ್ಕೆ ಕರೆದಾಗ ಸ್ಟಾರ್ಟ್ ಒತ್ತಿ, ಟಿವಿ ಮಾತ್ರ ಆರಿಸಿ, ಮಷಿನ್ನಿನ ಕೆಂಪು ದೀಪದ ಮೇಲೆ ಟವೆಲ್ ಹಾಕಿ ಏಳುವುದು ರೂಢಿ.

ಬಂದೂಕು

ಬಾತುಕೋಳಿ ಹೊಡೆಯುವ ಬಂದೂಕು ಪೆಟ್ಟಿಗೆಯಲ್ಲಿದ್ದರೆ, ಮತ್ತು ನಿಮ್ಮದು ಚಪ್ಪಟೆ ಟಿವಿಯಾದರೆ, ಅದನ್ನು ಕಾಮಣ್ಣನ ಹಬ್ಬದ ಸೋಗಿಗೆ ಕೊಟ್ಟುಬಿಡಿ. ಕುದುರೆ ಒತ್ತಿದಾಗ ಪರದೆ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಕಪ್ಪಾಗಿ, ಬಾತುಕೋಳಿಯಿದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕು ಹೊಡೆಯುವುದಿಲ್ಲ, ಆ ಬಿಳುಪನ್ನು ನೋಡುತ್ತದೆ. ಹಳೇ ಡಬ್ಬಿ ಟಿವಿಯ ಬೆಳಕು ಹೇಳಿದ ಗಳಿಗೆಗೆ ಬರುತ್ತಿತ್ತು, ಹೊಸದರಲ್ಲಿ ತಡವಾಗುತ್ತದೆ. ಬಲ್ಬಿಗೆ ಗುರಿಯಿಟ್ಟು ಮೋಸ ಮಾಡೋಣವೆಂದರೆ ಮೊದಲು ಕಪ್ಪು ಕಾಣಬೇಕೆಂಬ ಷರತ್ತಿದೆ. ಡಬ್ಬಿ ಟಿವಿ ಇನ್ನೂ ರದ್ದಿಗೆ ಹೋಗಿರದ ಮನೆಯವರಿಗೆ ಒಂದು ಗುಟ್ಟು: ‘ಡಕ್ ಹಂಟ್’ನ ಒಂಟಿ ಬಾತುಕೋಳಿಯ ಆಟದಲ್ಲಿ ರಿಮೋಟಿನಿಂದ ಬಾತುಕೋಳಿಯನ್ನೇ ಹಾರಿಸಬಹುದು. ತಂಗಿಯ ಕೈಗೆ ಅದನ್ನು ಕೊಡಿ, ಅಣ್ಣನಿಗೆ ಹೇಳಬೇಡಿ.

ಕಂಪ್ಯೂಟರ್ ಎಂದು ಕೊಂಡವರಿಗೆ

“ಹುಡುಗ ಕಂಪ್ಯೂಟರ್ ಕಲೀತಾನ್ರಿ” ಎಂದು ಕೀಬೋರ್ಡಿನ ಮಾದರಿ ತಂದ ಅಪ್ಪಂದಿರು ಗಾಬರಿಯಾಗಬಾರದು. ಅದರಲ್ಲಿ ಟೈಪಿಂಗ್ ಆಟವಿದೆ, ಕಲಿತರೆ ಬೇಸಿಕ್ ಭಾಷೆಯೂ ಇದೆ. ಭಾರತದ ಬಜಾರಿನಲ್ಲಿ ಸಿಗುವ ಇಂಥ ಅಗ್ಗದ ಮಷಿನ್ನಿಗೆ ಕಲಿಕೆಯ ಆಟ ಬರೆಯಬೇಕೆಂದು 2008ರಲ್ಲಿ ಡೆರೆಕ್ ಲೋಮಸ್ ಮತ್ತು ಗೆಳೆಯರು ಪ್ಲೇಪವರ್ ಎಂಬ ಕೆಲಸ ಶುರು ಮಾಡಿದ್ದರು. ‘12 ಡಾಲರಿನ ಕಂಪ್ಯೂಟರ್’ ಎಂದು ಸುದ್ದಿಯಾಗಿತ್ತು. ಅಂದರೆ ಅಪ್ಪ ಹೇಳಿದ್ದು ಪೂರಾ ಸುಳ್ಳಲ್ಲ. 2018ರಲ್ಲಿ ಯುರೋಪಿನವರು ಕಮಡೋರ್ 64 ಎಂಬ ಹಳೇ ಕಂಪ್ಯೂಟರಿನ ಪುಟ್ಟ ಪ್ರತಿ ಮಾಡಿ 64 ಆಟ ತುಂಬಿದರಲ್ಲ, ಅದರ ಕೀಬೋರ್ಡು ಬರೀ ಅಚ್ಚು. ಒತ್ತಿದರೆ ಕೀಲಿ ಇಳಿಯದು. ಅದಕ್ಕೆ ಹೋಲಿಸಿದರೆ ನಮ್ಮ ಟಿವಿ ಕಂಪ್ಯೂಟರಿನ ಕೀಲಿಗಳು ನಿಜಕ್ಕೂ ಇಳಿಯುತ್ತವೆ, ಕೆಲವು ಮೇಲೆ ಬರುವುದಿಲ್ಲ ಅಷ್ಟೆ.

ಬದಲಿ ರಿಮೋಟು

ಬದಲಿ ತರಲು ಹುಬ್ಬಳ್ಳಿಗೆ ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಪಿನ್ನು ಒಂಬತ್ತರದೂ ಇದೆ, ಹದಿನೈದರದೂ ಇದೆ. ಒಂಬತ್ತಕ್ಕೆ ಒಂಬತ್ತು ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರುವುದುಂಟು. “ಎಲ್ಲಾ ಒಂದ ಅದಾವ ತಗೋರಿ” ಎಂದು ಅಂಗಡಿಯವರು ಹೇಳುತ್ತಾರೆ. ಸಾಧ್ಯವಾದರೆ ಮಷಿನ್ನನ್ನೂ ಒಯ್ದು ಅಲ್ಲೇ ಟಿವಿಗೆ ಹಚ್ಚಿಸಿ, ಕಾಂಟ್ರಾ ಹಾಕಿಸಿ, ಕೌಂಟರಿನ ಮುಂದೆ ನಿಂತುಕೊಂಡೇ ಮೇಲೆ ಮೇಲೆ ಕೆಳಗೆ ಕೆಳಗೆ ಒತ್ತಿ ನೋಡಿ. 30 ಪ್ರಾಣ ಬಂದ ಮೇಲೆ ರೊಕ್ಕ ಕೊಡಿ. ಹಿಂದೆ ನಿಂತ ಗಿರಾಕಿಗಳು ಬೈದರೆ ಎರಡನೇ ರಿಮೋಟು ಅವರ ಕೈಗೆ ಕೊಡಿ.