ಒಬ್ಬಳ ಎದೆಗೆ ಅಕ್ಷರ, ಊರಿಗೆಲ್ಲ ನೆಮ್ಮದಿ

ಹೊಸದಾಗಿ ಊರು ಕಟ್ಟುವವರು ಮೊದಲು ಬಾವಿ ತೋಡಿಸುತ್ತಾರೆ, ಆಮೇಲೆ ಗುಡಿಗೆ ಜಾಗ ನೋಡುತ್ತಾರೆ ಅಂತ ನಾವಂದುಕೊಂಡಿದ್ದೇವೆ. ಬೋಸ್ಟನ್ ಕಟ್ಟಿದ ಪ್ಯೂರಿಟನ್ನರು ನಮಗಿಂತ ವ್ಯವಹಾರ ಬಲ್ಲವರು. ಕಾಡು ಕಡಿದ ಕೈಯಲ್ಲೇ ಒಂದು ತುಂಡು ನೆಲವನ್ನು ಸ್ಮಶಾನಕ್ಕೆ, ಇನ್ನೊಂದನ್ನು ಜೈಲಿಗೆ ಅಂತ ಗುರುತು ಹಾಕಿದರು. ನಥಾನಿಯಲ್ ಹಾಥಾರ್ನ್ ತನ್ನ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯನ್ನು ಶುರುಮಾಡುವುದೇ ಈ ದೂರದೃಷ್ಟಿಯನ್ನು ಮೆಚ್ಚಿಕೊಂಡು. ಮನುಷ್ಯ ಸಾಯುವುದು ಖಂಡಿತ. ಅದಕ್ಕೂ ಮುಂಚೆ ಯಾರಾದರೊಬ್ಬರು ಪಾಪ ಮಾಡಿ, ಉಳಿದವರಿಗೆ ಪುಣ್ಯವಂತರಾಗುವ ಅವಕಾಶ ಒದಗಿಸುವುದೂ ಅಷ್ಟೇ ಖಂಡಿತ.

ಕಾದಂಬರಿ ಅಚ್ಚಾದದ್ದು 1850ರಲ್ಲಿ, ಕಥೆ ನಡೆಯುವುದು ಅದಕ್ಕೂ ಇನ್ನೂರು ವರ್ಷ ಹಿಂದೆ, 1640ರ ದಶಕದಲ್ಲಿ. ಪಾಪ, ಪಶ್ಚಾತ್ತಾಪಗಳ ಗಂಭೀರ ಕೃತಿಯೆಂದು ಇದನ್ನು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ನನಗೇನೋ ಒಂದು ಪುಟ್ಟ ಊರಿನ ಆಡಳಿತ ವರದಿಯಂತೆ ಕಾಣುತ್ತದೆ. ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟೊಂದು ಜನರ ಮರ್ಯಾದೆ ಕಾಪಾಡಿದ ಯೋಜನೆಯನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಯೋಜನೆ ಹಾಕಿದವರ ಹಿನ್ನೆಲೆಯೂ ಸಾಮಾನ್ಯದ್ದಲ್ಲ. ಇಂಗ್ಲೆಂಡಿನಲ್ಲಿ ತಮಗೆ ಸರಿಕಂಡಂತೆ ಪ್ರಾರ್ಥನೆ ಮಾಡಲು ಬಿಡಲಿಲ್ಲವೆಂದು 1630ರಲ್ಲಿ ಹಡಗು ಹತ್ತಿ ಬಂದವರು ಇವರು. ಬಂದಿಳಿದ ಮೇಲೆ, ಆ ಸ್ವಾತಂತ್ರ್ಯ ಇನ್ನೊಬ್ಬರ ಕೈಗೆ ಸಿಕ್ಕಿ ಹಾಳಾಗಬಾರದೆಂದು ಭದ್ರವಾಗಿ ಬೀಗ ಜಡಿದರು. ರೋಜರ್ ವಿಲಿಯಮ್ಸ್ ಬೇರೆ ಮಾತಾಡಿದ, ಊರು ಬಿಡಿಸಿದರು. ಆನ್ ಹಚಿನ್‌ಸನ್ ತನ್ನ ಮನೆಯಲ್ಲಿ ಜನ ಸೇರಿಸಿ ಪಾದ್ರಿಗಳ ಉಪದೇಶವನ್ನು ವಿಮರ್ಶೆ ಮಾಡಿದಳು, 1637ರಲ್ಲಿ ವಿಚಾರಣೆ ನಡೆಸಿ ಅವಳಿಗೂ ಗಡೀಪಾರು. ಕ್ವೇಕರ್ ಪಂಥದ ಮೇರಿ ಡೈಯರ್ ಓಡಿಸಿದರೂ ತಿರುಗಿ ಬಂದಳು, 1660ರಲ್ಲಿ ನೇಣಿಗೆ ಹಾಕಿದರು. ಕ್ರಿಸ್‌ಮಸ್ ಆಚರಿಸಿದವರಿಗೆ 1659ರಿಂದ ಐದು ಶಿಲ್ಲಿಂಗ್ ದಂಡ. ಕ್ರಿಸ್ತನ ಹೆಸರಿನಲ್ಲೇ ಊರು ಕಟ್ಟಿ ಕ್ರಿಸ್ತನ ಹುಟ್ಟುಹಬ್ಬಕ್ಕೆ ದಂಡ ಹಾಕಬೇಕಾದರೆ ಮಡಿ ಎಷ್ಟು ಗಟ್ಟಿಯಿರಬೇಕು ನೋಡಿ.

ಇಂಥ ಊರಿನ ಜೈಲಿನಿಂದ ಕಾದಂಬರಿಯ ನಾಯಕಿ ಹೆಸ್ಟರ್ ಪ್ರಿನ್ ಮೂರು ತಿಂಗಳ ಮಗುವನ್ನೆತ್ತಿಕೊಂಡು ಹೊರಬರುತ್ತಾಳೆ. ಗಂಡನದು ಎರಡು ವರ್ಷದಿಂದ ಸುದ್ದಿಯಿಲ್ಲ. ಮಗುವಿನ ತಂದೆ ಯಾರೆಂದು ಅವಳು ಹೇಳುವುದಿಲ್ಲ. ಶಿಕ್ಷೆ ಹೀಗೆ: ಪೇಟೆ ಬಯಲಿನ ಅಟ್ಟಣೆಯ ಮೇಲೆ ಮೂರು ಗಂಟೆ ನಿಲ್ಲಬೇಕು, ಕೆಂಪು ಬಟ್ಟೆಯ ‘ಎ’ ಅಕ್ಷರವನ್ನು (‘ಅಡಲ್ಟರಿ’, ಅಂದರೆ ಹಾದರ) ಸಾಯುವವರೆಗೂ ಎದೆಯ ಮೇಲೆ ಧರಿಸಬೇಕು. ಕಾನೂನು ತೆಗೆದು ನೋಡಿದರೆ ಇದು ಭಾರೀ ರಿಯಾಯಿತಿ. ಹಾದರಕ್ಕೆ ಮರಣದಂಡನೆ ಎಂದು ಆ ವಸಾಹತು 1631ರಲ್ಲೇ ಬರೆದಿಟ್ಟಿತ್ತು. 1644ರಲ್ಲಿ ಮೇರಿ ಲೇಥಮ್ ಎಂಬ ಎಳೆ ಪ್ರಾಯದವಳನ್ನೂ ಜೇಮ್ಸ್ ಬ್ರಿಟನ್ ಎಂಬವನನ್ನೂ ನಿಜವಾಗಿಯೇ ನೇಣಿಗೇರಿಸಿತು. ಕಾದಂಬರಿಯ ಹೆಂಗಸರಿಗೆ ಈ ರಿಯಾಯಿತಿ ಹಿಡಿಸುವುದಿಲ್ಲ. ಒಬ್ಬಳಿಗೆ ಹಣೆಯ ಮೇಲೆ ಕಾದ ಕಬ್ಬಿಣದ ಬರೆ ಬೇಕು, ಇನ್ನೊಬ್ಬಳಿಗೆ ಹೆಣವೇ ಬೇಕು. ಮನೆಗೆಲಸ ಬಿಟ್ಟು ಬಂದವರಿಗೆ ಮೂರೇ ಗಂಟೆಯ ತಮಾಷೆ ಸಾಲದೇ ಹೋದರೆ ತಪ್ಪೇನೂ ಇಲ್ಲ.

ಹಿರಿಯರ ಲೆಕ್ಕವೇ ಬೇರೆ. ನೇಣು ಹಾಕಿದರೆ ಒಂದು ದಿನದ ಪ್ರಯೋಜನ. ಅಕ್ಷರ ಹಚ್ಚಿ ಬಿಟ್ಟರೆ ಜೀವಮಾನದ್ದು. ನಮ್ಮ ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಅಗ್ರಹಾರದವರು ಬಸುರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಾರೆ. ಬೋಸ್ಟನ್ನಿನವರು ಅಂಥ ದುಂದು ಮಾಡಲಿಲ್ಲ. ಊರಂಚಿನಲ್ಲಿ, ಕಡಲ ಬದಿಯ ಒಂಟಿ ಗುಡಿಸಲಿನಲ್ಲಿ ಅವಳನ್ನು ಇರಲು ಬಿಟ್ಟರು. ಆಮೇಲೆ ಅಲ್ಲಿಗೇ ಹೊಲಿಗೆ ಕಳಿಸಿಕೊಟ್ಟರು.

ಈ ಹೊಲಿಗೆಯ ಬಾಬತ್ತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಸ್ಟರಳ ಕಸೂತಿಗೆ ಊರಿನಲ್ಲಿ ಸಾಟಿಯಿರಲಿಲ್ಲ. ತನ್ನ ಎದೆಯ ಅಕ್ಷರವನ್ನೂ ಚಿನ್ನದ ಎಳೆಯಲ್ಲಿ ಎಷ್ಟು ಸೊಗಸಾಗಿ ಮಾಡಿಕೊಂಡಿದ್ದಳೆಂದರೆ, ಪಾಪ ಮಾಡಿದ್ದಕ್ಕಿಂತ ಅದನ್ನು ಇಷ್ಟು ಚೆನ್ನಾಗಿ ಹೊಲಿದುಕೊಂಡದ್ದಕ್ಕೇ ಹೆಂಗಸರಿಗೆ ಹೆಚ್ಚು ಉರಿಯಿತು. ಲೇಸು, ಚಿನ್ನ ಬೆಳ್ಳಿಯ ಎಳೆ ಇವೆಲ್ಲ ಬೇಡವೆಂದು ಆ ವಸಾಹತಿನಲ್ಲಿ 1634ರಿಂದಲೇ ಕಾನೂನು. 1651ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದರು: ಇನ್ನೂರು ಪೌಂಡಿಗಿಂತ ಕಡಿಮೆ ಆಸ್ತಿಯುಳ್ಳವರು ಜರಿ ತೊಡಬಾರದು. ಇನ್ನೂರು ಪೌಂಡಿನಾಚೆಗೆ ದೇವರು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಅಂತ ಕಾಣುತ್ತದೆ. ಹೀಗಾಗಿ ಗವರ್ನರನ ಕೊರಳಪಟ್ಟಿಗೆ, ದಂಡಿನವರ ನಡುಪಟ್ಟಿಗೆ, ಪಾದ್ರಿಯ ಉಡುಪಿಗೆ, ಕೂಸಿನ ಟೊಪ್ಪಿಗೆಗೆ, ಕಡೆಗೆ ಹೆಣದ ಹೊದಿಕೆಗೂ ಹೆಸ್ಟರಳ ಸೂಜಿಯೇ ಬೇಕು. ಬೇಡವಾದದ್ದು ಒಂದಕ್ಕೆ, ಮದುಮಗಳ ಮುಸುಕಿಗೆ. ಹೆಣಕ್ಕಾದರೆ ನಡೆಯುತ್ತದೆ, ಮದುವೆಗೆ ಮೈಲಿಗೆ.

ಗವರ್ನರ್ ಬೆಲ್ಲಿಂಗ್‌ಹ್ಯಾಂ ಸಾಹೇಬರ ಕೈಗವಸಿನ ಪ್ರಸಂಗ ಇನ್ನೂ ಚೆಂದ. ಹೆಸ್ಟರಳ ಮಗಳು ಪರ್ಲ್‌ಳನ್ನು ತಾಯಿಯಿಂದ ಬಿಡಿಸಿ ಸದ್ಗೃಹಸ್ಥರ ಕೈಗೊಪ್ಪಿಸಬೇಕೆಂದು ಊರಿನ ದೊಡ್ಡವರು ಮಾತಾಡಿಕೊಳ್ಳುತ್ತಿರುತ್ತಾರೆ. ಗವರ್ನರರಿಗಂತೂ ಇದರಲ್ಲಿ ವಿಶೇಷ ಆಸಕ್ತಿ. ಸುದ್ದಿ ತಿಳಿದು ಹೆಸ್ಟರ್ ಅವರ ಬಂಗಲೆಗೆ ಹೋಗುತ್ತಾಳೆ. ಕೈಯಲ್ಲಿರುವುದು ಅವರೇ ಹೇಳಿ ಮಾಡಿಸಿದ ಕಸೂತಿಯ ಕೈಗವಸು. ಹೆತ್ತ ಮಗುವನ್ನು ಸಾಕುವ ಯೋಗ್ಯತೆ ಈ ಕೈಗಿಲ್ಲ, ಗವರ್ನರರ ಕೈ ಮುಚ್ಚುವ ಯೋಗ್ಯತೆ ಇದೆ.

ಪಾದ್ರಿಗಳಿಗೂ ಪಾಲು ಸಿಕ್ಕಿತು. ವಾರವಾರ ಹೊಸ ವಿಷಯ ಹುಡುಕುವ ತಾಪತ್ರಯ ತಪ್ಪಿತು. ಅವಳು ಚರ್ಚಿಗೆ ಬಂದು ಕೂತರೆ ಅವತ್ತಿನ ಉಪದೇಶದ ವಸ್ತು ಅವಳೇ. ಬೀದಿಯಲ್ಲಿ ಸಿಕ್ಕರೆ ನಿಲ್ಲಿಸಿಕೊಂಡು ಬುದ್ಧಿ ಹೇಳುತ್ತಿದ್ದರು, ಸುತ್ತ ಜನ ಸೇರುತ್ತಿತ್ತು. ಅವಳು ದುಡಿದದ್ದರಲ್ಲಿ ಮಿಗಿಸಿ ಬಡವರಿಗೆ ಕೊಡುತ್ತಿದ್ದಳು. ಉಂಡ ಬಡವರೂ ಬೈದೇ ಹೋಗುತ್ತಿದ್ದರು. ತಮಗಿಂತ ಕೆಳಗೆ ಒಬ್ಬಳಿದ್ದಾಳೆ ಎಂಬ ಸುಖ ಅವರಿಗೆ ಅದೊಂದೇ ಕಡೆ ಸಿಗುತ್ತಿದ್ದದ್ದು.

ಯೋಜನೆಯ ಅತಿ ದೊಡ್ಡ ಫಲಾನುಭವಿ ಪಾದ್ರಿ ಆರ್ಥರ್ ಡಿಮ್ಸ್‌ಡೇಲ್. ಎಳೆಯ, ವಿದ್ವಾಂಸ, ಮಾತಾಡಿದರೆ ಜನರ ಕಣ್ಣಲ್ಲಿ ನೀರು. ಮಗುವಿನ ತಂದೆ ಇವನೇ. ಅವತ್ತು ಅಟ್ಟಣೆಯ ಮೇಲ್ಗಡೆಯ ಉಪ್ಪರಿಗೆಯಲ್ಲಿ ನಿಂತು, ತಪ್ಪಿನಲ್ಲಿ ಪಾಲುಗೊಂಡವನ ಹೆಸರು ಹೇಳಿಬಿಡು ಎಂದು ಹೆಸ್ಟರಳನ್ನು ಎಲ್ಲರೆದುರು ಕೇಳಿಕೊಂಡವನೂ ಇವನೇ. ಆ ಕೆಲಸವನ್ನು ಅವನಿಗೆ ವಹಿಸಿದ್ದು ಹಿರಿಯರು. ಆರೋಪಿಯನ್ನೇ ವಿಚಾರಣಾಧಿಕಾರಿಯಾಗಿ ನೇಮಿಸುವ ಪದ್ಧತಿ ಎಷ್ಟು ಹಳೆಯದೆಂದು ಆಗಲೇ ನನಗೆ ಗೊತ್ತಾದದ್ದು. ಅವಳು ಬಾಯಿ ಬಿಡಲಿಲ್ಲ. ಅವನ ದನಿ ನಡುಗಿತು, ಜನ ಕರಗಿದರು. ಕೊನೆಗೆ ಮುದಿ ಪಾದ್ರಿ ವಿಲ್ಸನ್ ಎದ್ದು, ಆ ಅಕ್ಷರವನ್ನೇ ತೋರಿಸಿ ತೋರಿಸಿ ಗಂಟೆ ಮೀರಿ ಉಪದೇಶ ಕೊಟ್ಟ.

ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆ ಡಿಮ್ಸ್‌ಡೇಲನಿಗೆ ಪೂರ್ತಿ ಹೊಂದುವುದಿಲ್ಲ ಪಾಪ, ತಿಂದದ್ದು ಅವನಿಗೆ ಏಳು ವರ್ಷ ಜೀರ್ಣವಾಗಲಿಲ್ಲ. ಉಪವಾಸ ಬಿದ್ದ. ಬಾಗಿಲು ಹಾಕಿಕೊಂಡು ಚಾವಟಿಯಲ್ಲಿ ಹೊಡೆದುಕೊಂಡ. ವೇದಿಕೆ ಹತ್ತಿ, ಪಾಪಿಗಳಲ್ಲೆಲ್ಲ ಕಡುಪಾಪಿ ನಾನು ಎಂದು ಮತ್ತೆ ಮತ್ತೆ ಹೇಳಿಯೂ ಹೇಳಿದ. ವಿವರ ಮಾತ್ರ ಕೊಡಲಿಲ್ಲ. ಇಂಥ ನಿರ್ಮಲ ಮನಸ್ಸಿನವರೇ ತಮ್ಮನ್ನು ಪಾಪಿ ಅಂದುಕೊಂಡರೆ ನಮ್ಮ ಗತಿಯೇನು ಎಂದು ಜನರ ಭಕ್ತಿ ಇಮ್ಮಡಿಯಾಯಿತು. ಹೀಗೇ ಆಗುತ್ತದೆಂದು ಅವನಿಗೂ ಚೆನ್ನಾಗಿ ಗೊತ್ತಿತ್ತು ಅನ್ನುತ್ತಾನೆ ಹಾಥಾರ್ನ್. ಅವಳು ಬಾಯಿ ಮುಚ್ಚಿಕೊಂಡು ಊರಾಚೆ ಉಳಿದಳು, ಇವನು ಬಾಯಿ ಬಿಟ್ಟುಕೊಂಡೇ ಊರೊಳಗೆ ಬೆಳೆದ.

ಒಂದು ನಡುರಾತ್ರಿ ಡಿಮ್ಸ್‌ಡೇಲ್ ಯಾರಿಗೂ ಕಾಣದಂತೆ ಅದೇ ಅಟ್ಟಣೆ ಹತ್ತಿ ನಿಲ್ಲುತ್ತಾನೆ. ಉಲ್ಕೆಯೊಂದು ಉರಿದು ಆಕಾಶದ ತುಂಬ ಕೆಂಪು ‘ಎ’ ಮೂಡಿದಂತೆ ಅವನಿಗೆ ಕಾಣುತ್ತದೆ. ಮರುದಿನ ಅವನು ಕೊಟ್ಟ ಉಪದೇಶ ಅತ್ಯುತ್ತಮ ಎಂದು ಊರೇ ಹೊಗಳುತ್ತದೆ. ಚರ್ಚಿನ ಪರಿಚಾರಕ ಬಂದು, ಅಯ್ಯನವರ ಕೈಗವಸೊಂದು ಅಟ್ಟಣೆಯ ಮೇಲೆ ಬಿದ್ದಿತ್ತು, ಸೈತಾನನೇ ಕುಚೋದ್ಯಕ್ಕೆ ಕದ್ದು ಅಲ್ಲಿ ಹಾಕಿದ್ದಾನೆ ಎಂದು ತಂದೊಪ್ಪಿಸುತ್ತಾನೆ. ಆಕಾಶದ ‘ಎ’ ಊರಿನವರೂ ನೋಡಿದ್ದಾರೆ. ಆ ರಾತ್ರಿ ತೀರಿಕೊಂಡ ಗವರ್ನರ್ ವಿಂಥ್ರಾಪ್ ಏಂಜಲ್ ಆದದ್ದಕ್ಕೆ ಅದು ಸಾಕ್ಷಿಯಂತೆ. ಸಾಕ್ಷ್ಯ ಕೈಯಲ್ಲಿದೆ, ಆಕಾಶದಲ್ಲೂ ಬರೆದಿದೆ. ಓದುವವರಿಗೆ ಮಾತ್ರ ಬೇರೆ ತೀರ್ಪು ಮೊದಲೇ ಗೊತ್ತಿದೆ.

ಇಡೀ ಊರಿನಲ್ಲಿ ನಿಜ ಕಂಡುಹಿಡಿಯಲು ಹೊರಟವನು ಒಬ್ಬನೇ, ಹೆಸ್ಟರಳ ತಪ್ಪಿಹೋದ ಗಂಡ. ಚಿಲ್ಲಿಂಗ್‌ವರ್ತ್ ಎಂಬ ಸುಳ್ಳು ಹೆಸರಿನಲ್ಲಿ ವೈದ್ಯನಾಗಿ ಬಂದು ಪಾದ್ರಿಯ ಜೊತೆಯಲ್ಲೇ ಬಿಡಾರ ಹೂಡುತ್ತಾನೆ. ಅವನ ಸಂಶೋಧನೆಯ ಶ್ರದ್ಧೆ ಮೆಚ್ಚಬೇಕಾದದ್ದೇ. ರೋಗಿ ವಾಸಿಯಾಗಬೇಕೆಂಬ ಆಸೆಯೊಂದು ಇರಲಿಲ್ಲ ಅಷ್ಟೆ.

ಏಳು ವರ್ಷದ ಮೇಲೆ, ಹೊಸ ಗವರ್ನರನ ಪ್ರಮಾಣದ ದಿನ, ಎಲ್ಲರೂ ಹೊಗಳುವಂಥ ಉಪದೇಶ ಕೊಟ್ಟು ಡಿಮ್ಸ್‌ಡೇಲ್ ಹಗಲು ಬೆಳಕಿನಲ್ಲೇ ಅಟ್ಟಣೆ ಹತ್ತುತ್ತಾನೆ. ಹೆಸ್ಟರಳ, ಮಗಳ ಕೈ ಹಿಡಿದು, ಎದೆಯ ಬಟ್ಟೆ ಸರಿಸಿ, ಒಪ್ಪಿಕೊಂಡು, ಅಲ್ಲೇ ಸಾಯುತ್ತಾನೆ. ಅಲ್ಲಿಗಾದರೂ ಮುಗಿಯಬೇಕಿತ್ತು. ಆದರೆ ಕಣ್ಣಾರೆ ಕಂಡ ಕೆಲವು ಅತಿ ಗೌರವಸ್ಥರು, ಅವನ ಎದೆಯ ಮೇಲೆ ಹಸುಗೂಸಿನ ಎದೆಯ ಮೇಲಿರುವಷ್ಟೂ ಕಲೆ ಇರಲಿಲ್ಲ, ಅವನು ಏನನ್ನೂ ಒಪ್ಪಿಕೊಳ್ಳಲಿಲ್ಲ ಅನ್ನುತ್ತಾರೆ. ಎಂಥ ಪುಣ್ಯವಂತನೂ ದೇವರ ಮುಂದೆ ಪಾಪಿಯೇ ಎಂದು ತೋರಿಸಲು, ಬೇಕೆಂದೇ ಒಬ್ಬ ಪತಿತೆಯ ತೋಳಿನಲ್ಲಿ ಪ್ರಾಣ ಬಿಟ್ಟನಂತೆ! ಹೆಸ್ಟರಳ ಪಾಪಕ್ಕೆ ಯಾರ ಸಾಕ್ಷಿಯೂ ಬೇಕಾಗಿರಲಿಲ್ಲ, ಮಗುವೇ ಇತ್ತು. ಇವನ ಪಾಪಕ್ಕೆ ಇವನ ಸಾಕ್ಷಿಯೂ ಸಾಲಲಿಲ್ಲ.

ಇಷ್ಟನ್ನೆಲ್ಲ ಬರೆದ ಹಾಥಾರ್ನನ ವಂಶವೇನೂ ಈ ಯೋಜನೆಯ ಹೊರಗಿನದ್ದಲ್ಲ. ಮೂಲಪುರುಷ ವಿಲಿಯಂ ಕ್ವೇಕರರನ್ನು ಕಾಡಿದ ನ್ಯಾಯಾಧಿಕಾರಿ. ಅವನ ಮಗ ಜಾನ್, 19 ಮಂದಿಯನ್ನು ನೇಣಿಗೆ ಕಳಿಸಿದ 1692ರ ಸೇಲಂ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲೊಬ್ಬ. ಸ್ವತಃ ಹಾಥಾರ್ನ್ ಸೇಲಂನ ಸುಂಕದ ಕಚೇರಿಯಲ್ಲಿ ನೌಕರ. 1849ರಲ್ಲಿ ಸರಕಾರ ಬದಲಾದಾಗ ಕೆಲಸ ಹೋಯಿತು, ಕೂತು ಈ ಕಾದಂಬರಿ ಬರೆದ. ಅದರ ಮುಂದೆ ಆ ಕಚೇರಿಯ ಮೇಲೊಂದು ಉದ್ದನೆಯ ಪ್ರಬಂಧ ಸೇರಿಸಿದ: ಕುರ್ಚಿಯನ್ನು ಗೋಡೆಗೆ ಒರಗಿಸಿ ಗೊರಕೆ ಹೊಡೆಯುವ ಮುದಿ ನೌಕರರು, ಎಷ್ಟೋ ವರ್ಷದ ಹಿಂದೆ ಉಂಡ ಔತಣಗಳನ್ನಲ್ಲದೆ ಬೇರೇನೂ ನೆನಪಿಲ್ಲದ ಒಬ್ಬ ಹಿರಿಯ ಇನ್‌ಸ್ಪೆಕ್ಟರ್.

ಪುಸ್ತಕ ಬಂದದ್ದೇ ಸೇಲಂ ಊರು ಕೆರಳಿತು. ಪೂರ್ವಿಕರು ಒಬ್ಬ ಹೆಂಗಸನ್ನು ಅಟ್ಟಣೆಗೇರಿಸಿದ ಕಥೆಗಲ್ಲ, ಆ ಗೊರಕೆಗೆ. ಹಾಥಾರ್ನ್ ಎರಡನೇ ಮುದ್ರಣಕ್ಕೆ ಪುಟ್ಟ ಮುನ್ನುಡಿ ಬರೆದು, ಪ್ರಬಂಧದಲ್ಲಿ ಒಂದು ಪದವನ್ನೂ ಬದಲಿಸದೆ ಹಾಗೇ ಅಚ್ಚಿಗೆ ಕೊಟ್ಟ. ಅದೇ ವರ್ಷ ಸಂಸಾರ ಸಮೇತ ಸೇಲಂ ಬಿಟ್ಟು ಲೆನಾಕ್ಸ್‌ಗೆ ಹೊರಟುಹೋದ.