ಏಕಚೀಲ ಮೀಮಾಂಸೆ

ಎಷ್ಟು ದೂರ ಹೋದರೂ ಎಷ್ಟು ದಿನ ಉಳಿದರೂ, ವಿಮಾನದೊಳಗೆ ತಲೆಯ ಮೇಲಿನ ಗೂಡಿನಲ್ಲಿ ಹಿಡಿಸುವ ಒಂದೇ ಒಂದು ಬೆನ್ನುಚೀಲದಲ್ಲಿ ಪ್ರಯಾಣಿಕನು ತನಗೆ ಬೇಕಾದುದನ್ನೆಲ್ಲ ತುಂಬಿಕೊಳ್ಳಬೇಕು, ಅದರಲ್ಲಿ ಹಿಡಿಸದ್ದೆಲ್ಲ ಬರಿಯ ಮೋಹ ಎಂದು ಸಾರುವ ಪಂಥವನ್ನು ಅನುಕೂಲಕ್ಕಾಗಿ ಏಕಚೀಲ ಮತ ಎಂದು ಕರೆಯಬಹುದು. ಈ ಮತದ ಆಧುನಿಕ ಪ್ರಚಾರಕರಲ್ಲಿ ಅಮೆರಿಕದ ಪ್ರವಾಸ ಲೇಖಕ ರಿಕ್ ಸ್ಟೀವ್ಸ್ ಪ್ರಮುಖರು. ಯೂರೋಪಿಗೆ ಹೊರಡುವ ತಮ್ಮ ದೇಶದವರಿಗೆ ಅವರು ದಶಕಗಳಿಂದ ಹೇಳುತ್ತ ಬಂದಿರುವ ಮುಖ್ಯ ಪಾಠಗಳಲ್ಲಿ ಇದೂ ಒಂದು. ಮತದ ಪ್ರಯೋಜನಗಳ ಬಗ್ಗೆ ತಕರಾರಿಲ್ಲ. ವಿಮಾನ ಇಳಿದ ಮೇಲೆ ತಿರುಗುವ ಪಟ್ಟಿಯ ಮುಂದೆ ನಿಂತು ಪರರ ಸೂಟ್‌ಕೇಸುಗಳ ಮೆರವಣಿಗೆ ನೋಡಬೇಕಾಗಿಲ್ಲ, ಚೀಲ ಬೇರೆ ಊರಿಗೆ ಹೋಯಿತೆಂಬ ಆತಂಕವಿಲ್ಲ, ಆಟೋದವರೊಡನೆ ಲಗೇಜಿನ ದರದ ಬಗ್ಗೆ ಚರ್ಚೆಯಿಲ್ಲ. ತಕರಾರು ಹುಟ್ಟುವುದು ಆ ಒಂದು ಚೀಲ ಯಾವುದು ಎಂಬಲ್ಲಿ. ತ್ಯಾಗಕ್ಕೆ ಮನಸ್ಸು ಮಾಡಿದವನು ಮೊಟ್ಟಮೊದಲು ಅಂಗಡಿಗೆ ಹೋಗಬೇಕಾಗಿ ಬರುವುದು ಈ ಮತದ ವೈಶಿಷ್ಟ್ಯ.

ಇದನ್ನು ಪಶ್ಚಿಮದ ಶೋಧವೆಂದು ಬಗೆಯುವುದು ಮಾತ್ರ ಚರಿತ್ರೆಗೆ ಬಗೆಯುವ ಅನ್ಯಾಯ. ಹಿಂದಿನವರು ಪ್ರಯಾಣಕ್ಕೆ ಬಳಸುತ್ತಿದ್ದ ಹಸಿಬೆ, ಅಂದರೆ ನಡುವೆ ಬಾಯಿಯೂ ಎರಡು ತುದಿಗಳಲ್ಲಿ ಹೊಟ್ಟೆಯೂ ಇರುವ ಉದ್ದನೆಯ ಬಟ್ಟೆಚೀಲ, ಹೆಗಲಿಗೇರಿದಾಗ ಅರ್ಧ ಭಾರವನ್ನು ಎದೆಗೂ ಉಳಿದರ್ಧವನ್ನು ಬೆನ್ನಿಗೂ ಹಂಚಿಬಿಡುತ್ತಿತ್ತು. ಶಬರಿಮಲೆಗೆ ಹೋಗುವವರು ತಲೆಯ ಮೇಲೆ ಹೊರುವ ಇರುಮುಡಿಯಂತೂ ಏಕಚೀಲ ಪ್ರಯಾಣದ ಪರಿಪೂರ್ಣ ಮಾದರಿ: ಅದರ ಮುಂದಿನ ಗಂಟಿನಲ್ಲಿ ದೇವರಿಗೆ ಸಲ್ಲುವ ತುಪ್ಪದ ಕಾಯಿ ಮೊದಲಾದವು, ಹಿಂದಿನ ಗಂಟಿನಲ್ಲಿ ಹೊತ್ತವನ ಸ್ವಂತದ ಅಗತ್ಯಗಳು. ಚೀಲದ ಅರ್ಧಭಾಗ ಹೊತ್ತವನಿಗೆ ಸೇರಿದ್ದಲ್ಲ ಎಂಬ ಈ ತತ್ತ್ವವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಪಿಂಛಿ ಮತ್ತು ಕಮಂಡಲುಗಳನ್ನಷ್ಟೇ ಹಿಡಿದು ಊರೂರು ನಡೆಯುವ ದಿಗಂಬರ ಮುನಿಗಳ ವಿಷಯದಲ್ಲಿ ಚೀಲದ ಪ್ರಶ್ನೆಯೇ ಏಳದಿರುವುದರಿಂದ, ಅವರನ್ನು ಈ ಚರ್ಚೆಯ ವ್ಯಾಪ್ತಿಯಿಂದ ಗೌರವಪೂರ್ವಕವಾಗಿ ಹೊರಗಿಡಬೇಕಾಗಿದೆ.

ಇನ್ನು ಶಾಸ್ತ್ರಭಾಗ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರು ಕೈಯಲ್ಲಿ ಒಯ್ಯುವ ಚೀಲದ ತೂಕ ಸಾಧಾರಣವಾಗಿ 7 ಕಿಲೋ ಮೀರಬಾರದು. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿಸಿದರೆ ಬರುವ ಮೊತ್ತ 115 ಸೆಂಟಿಮೀಟರಿನೊಳಗೆ ಇರಬೇಕೆಂಬುದು ಹೆಚ್ಚಿನ ಸಂಸ್ಥೆಗಳ ನಿಯಮ. 55, 35, 25ರ ಲೆಕ್ಕದಲ್ಲಿ ಹೊಲಿದ ಚೀಲಕ್ಕೂ 55, 40, 20ರ ಲೆಕ್ಕದಲ್ಲಿ ಹೊಲಿದ ಚೀಲಕ್ಕೂ ಮೊತ್ತ ಒಂದೇ ಆದರೂ, ಗುಣಿಸಿ ನೋಡಿದರೆ ಮೊದಲನೆಯದರಲ್ಲಿ 48 ಲೀಟರು, ಎರಡನೆಯದರಲ್ಲಿ 44 ಲೀಟರು ಜಾಗ ಸಿಗುತ್ತದೆ. ಲೀಟರೆಂಬುದು ಹಾಲು ಎಣ್ಣೆಗಳ ಅಳತೆಯಲ್ಲವೇ ಎಂದು ಕೇಳುವವರು ಇನ್ನೂ ಮತದೀಕ್ಷೆ ಪಡೆಯದವರು. ದೀಕ್ಷೆ ಪಡೆದವರು ಅಂಗಿ, ಚಡ್ಡಿ, ಹಲ್ಲುಜ್ಜುವ ಬ್ರಷ್ಷು ಎಲ್ಲವನ್ನೂ ಲೀಟರಿನಲ್ಲೇ ಅಳೆಯುತ್ತಾರೆ, ಆ ನಾಲ್ಕು ಲೀಟರಿನ ವ್ಯತ್ಯಾಸಕ್ಕಾಗಿ ಹಳೆಯ ಸ್ನೇಹಗಳನ್ನೂ ಕಡಿದುಕೊಳ್ಳುತ್ತಾರೆ.

ಅಳತೆ ಇತ್ಯರ್ಥವಾದ ಮೇಲೆ ಬಟ್ಟೆಯ ಪ್ರಶ್ನೆ ಏಳುತ್ತದೆ. ಚೀಲದ ನೈಲಾನಿನ ದಪ್ಪವನ್ನು ಡೆನಿಯರ್ ಎಂಬ ಮಾನದಲ್ಲಿ ಹೇಳುವುದು ರೂಢಿ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅದೇ ಅದರ ಡೆನಿಯರ್, ರೇಷ್ಮೆಯ ಒಂಟಿ ಎಳೆ ಹೆಚ್ಚುಕಡಿಮೆ ಒಂದು ಡೆನಿಯರ್. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿಂತವರಿಗೂ ಹೊಳೆಯದ ಈ ಸೂಕ್ಷ್ಮವನ್ನು ಬೆನ್ನುಚೀಲ ಕೊಳ್ಳಹೊರಟ ಗುಮಾಸ್ತನೊಬ್ಬನು ರಾತ್ರಿ ಎರಡು ಗಂಟೆಗೆ ಕಂಠಪಾಠ ಮಾಡುತ್ತಿರುತ್ತಾನೆ. ಆಮೇಲೆ ಬಾಯಿಯ ಪ್ರಶ್ನೆ. ಮೇಲಿನಿಂದ ತುಂಬುವ ಚೀಲದಲ್ಲಿ ಬೇಕಾದ ವಸ್ತು ತಪ್ಪದೆ ತಳದಲ್ಲಿರುತ್ತದೆ. ಮೂರು ಬದಿಗೂ ಜಿಪ್ಪಿರುವ ಚೀಲದಲ್ಲಿ ಅದು ಕೂಡಲೇ ಕಾಣುತ್ತದೆ, ಆದರೆ ಅದರೊಂದಿಗೆ ಒಳಉಡುಪುಗಳೂ ರೈಲಿನ ಸಹಪ್ರಯಾಣಿಕರೆಲ್ಲರಿಗೆ ಕಾಣುತ್ತವೆ. ಹೆಗಲ ಭಾರವನ್ನು ಸೊಂಟದ ಮೂಳೆಗೆ ವರ್ಗಾಯಿಸುವ ಸೊಂಟಪಟ್ಟಿ ಇರಬೇಕೋ ಬೇಡವೋ ಎಂಬುದು ಮತ್ತೊಂದು ವಿವಾದ. ಪರ್ವತಾರೋಹಿಗಳಿಗೆ ಒಪ್ಪುವ ಈ ಪಟ್ಟಿಯನ್ನು ಏಳು ಕಿಲೋ ಹೊತ್ತು ನಿಲ್ದಾಣದ ಎಸ್ಕಲೇಟರ್ ಏರುವವನೂ ಬಿಗಿದುಕೊಳ್ಳುವುದುಂಟು. ಇಷ್ಟೆಲ್ಲ ವಿಚಾರ ಮಾಡಿ ಕೊಂಡ ಚೀಲದಲ್ಲಿ ಏನಾದರೊಂದು ಕೊರತೆ ಕಂಡೇ ಕಾಣುವುದರಿಂದ ಎರಡನೆಯದನ್ನೂ, ಅದರ ಕೊರತೆ ನೀಗಲು ಮೂರನೆಯದನ್ನೂ ಕೊಳ್ಳುವುದು ಅನಿವಾರ್ಯ. ಏಕಚೀಲ ಮತಾನುಯಾಯಿಗಳ ಮನೆಯ ಅಟ್ಟದಲ್ಲಿ ಸೂಟ್‌ಕೇಸಿಗೆ ಜಾಗವಿಲ್ಲದಿರುವುದಕ್ಕೆ ವೈರಾಗ್ಯಕ್ಕಿಂತ ಚೀಲಗಳ ದಟ್ಟಣೆಯೇ ಕಾರಣ.

ತೂಕದ ಲೆಕ್ಕವಂತೂ ಇನ್ನೂ ಕಠಿಣ. ಗಟ್ಟಿಮುಟ್ಟಾದ ಚೀಲವೇ ಒಂದೂವರೆ ಕಿಲೋ ತೂಗಿದರೆ, ಲ್ಯಾಪ್‌ಟಾಪು ಚಾರ್ಜರುಗಳು ಎರಡು ಕಿಲೋ ತಿಂದರೆ, ಉಳಿದ ಮೂರೂವರೆಯಲ್ಲಿ ಮಾನ ಮುಚ್ಚಿಕೊಳ್ಳಬೇಕು. ಪವರ್‌ಬ್ಯಾಂಕನ್ನು ಕೆಳಗಿನ ಸರಕಿಗೆ ಹಾಕಲು ಸುರಕ್ಷತಾ ನಿಯಮ ಬಿಡುವುದಿಲ್ಲ, 100 ವಾಟ್-ಅವರ್‌ವರೆಗಿನದನ್ನು ಮೈಮೇಲೋ ಕೈಚೀಲದಲ್ಲೋ ಒಯ್ಯಬೇಕು. ಹೊರಡುವ ಹಿಂದಿನ ರಾತ್ರಿ ಗೃಹಸ್ಥನು ಚೀಲ ಹೊತ್ತುಕೊಂಡೊಮ್ಮೆ, ಇಳಿಸಿ ಒಮ್ಮೆ ತೂಕದ ಯಂತ್ರವನ್ನೇರಿ, ಎರಡರ ವ್ಯತ್ಯಾಸ ನೋಡಿ, ಚೀಲದ ತೂಕ ಮಿತಿಯಲ್ಲಿದೆಯೆಂದು ಸಮಾಧಾನಪಟ್ಟು, ತನ್ನ ಸ್ವಂತ ತೂಕ ಮಿತಿಯಲ್ಲಿಲ್ಲವೆಂಬ ಬೇರೊಂದು ಜ್ಞಾನದೊಂದಿಗೆ ಕೆಳಗಿಳಿಯುತ್ತಾನೆ. ಮೀರಿದ ಅರ್ಧ ಕಿಲೋವನ್ನು ಜರ್ಕಿನ್ನಿನ ಜೇಬುಗಳಿಗೆ ಸಾಗಿಸಿ, ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ತೊಟ್ಟು, ಬೆವರುತ್ತ ಸರದಿಯಲ್ಲಿ ನಿಂತವರನ್ನು ಕಂಡರೆ ಅವರು ಈ ಮತದವರೆಂದು ತಿಳಿಯಬಹುದು.

ಇಷ್ಟು ಹೊತ್ತು ಮಂಡಿಸಿದ ವಾದವೆಲ್ಲ ಒಂದು ಗೃಹೀತದ ಮೇಲೆ ನಿಂತಿದೆ: ಚೀಲದಲ್ಲಿರುವುದು ಪ್ರಯಾಣಿಕನ ಸಾಮಾನು ಎಂಬುದು. ಅಮೆರಿಕದಲ್ಲಿ ಇದು ನಿಜವಿರಬಹುದು; ಕರ್ನಾಟಕದಲ್ಲಿ ಇದು ಆಧಾರವಿಲ್ಲದ ಊಹೆ. ಇಲ್ಲಿ ಹೊರಡುವವನು ಒಬ್ಬನಾದರೂ ಸಾಮಾನು ಇಡೀ ಬಂಧುಬಳಗದ್ದು. ಸುದ್ದಿ ಹಬ್ಬಿದ ಸಂಜೆಯೇ ದೊಡ್ಡಮ್ಮ ಒಂದು ಡಬ್ಬಿ ಹಿಡಿದು ಬರುತ್ತಾರೆ. "ಇಷ್ಟೇ ಇಷ್ಟು ಪುಟ್ಟಾ, ಚಟ್ನಿಪುಡಿ. ಒಂದು ಮೂಲೇಲಿ ಕೂತ್ಕೊಳ್ಳುತ್ತೆ." ಚಟ್ನಿಪುಡಿಯ ಹಿಂದೆ ಹಪ್ಪಳ, ಹಪ್ಪಳ ಮುರಿಯದಿರಲೆಂದು ಅದರ ಸುತ್ತ ಸುತ್ತಿದ ದಪ್ಪ ಟವೆಲ್ಲು, ಆಮೇಲೆ ಗೊಜ್ಜು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕಗಳ ಸಂಚು ಬಯಲಾದ ಮೇಲೆ ಬಂದ ನಿಯಮದಂತೆ, ವಿದೇಶಕ್ಕೆ ಹೋಗುವವರ ಕೈಚೀಲದಲ್ಲಿ ದ್ರವವೂ ದ್ರವದಂತೆ ಹರಡುವ ಪದಾರ್ಥವೂ 100 ಮಿಲಿಲೀಟರ್ ಮೀರದ ಡಬ್ಬಿಗಳಲ್ಲಿರಬೇಕು. ಗೊಜ್ಜು ದ್ರವವೋ ಘನವೋ ಎಂಬ ಪ್ರಶ್ನೆಗೆ ದೊಡ್ಡಮ್ಮನ ಉತ್ತರ ಸ್ಪಷ್ಟವಿದೆ: "ಗಟ್ಟಿಯಾಗೇ ಕುದಿಸಿದೀನಿ, ಸೌಟು ನಿಲ್ಲುತ್ತೆ." ತಪಾಸಣೆಯ ಅಧಿಕಾರಿಗಳಿಗೆ ಸೌಟಿನ ಪ್ರಮಾಣ ಒಪ್ಪಿಗೆಯಿಲ್ಲ. ತಿಪಟೂರಿನ ಕೊಬ್ಬರಿಯ ಗತಿಯೂ ಇಷ್ಟೆ. ಎಣ್ಣೆಯಂಶದಿಂದಾಗಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಸ್ಥಾನವಿದೆಯೆಂದು ತಿಳಿಸಿದರೆ, ನಮ್ಮ ಕೊಬ್ಬರಿ ಅಂಥದ್ದಲ್ಲ ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಅಯ್ಯಪ್ಪ ಭಕ್ತರ ಇರುಮುಡಿಯ ತೆಂಗಿನಕಾಯಿಗಾದರೆ ಸರಕಾರವೇ 2024ರ ಅಕ್ಟೋಬರಿನಲ್ಲಿ ನಿಯಮ ಸಡಿಲಿಸಿ, 2025ರ ಜನವರಿ 20ರವರೆಗೆ ವಿಮಾನದೊಳಗೆ ಪ್ರವೇಶ ಕೊಟ್ಟಿತು. ದೊಡ್ಡಮ್ಮನ ಡಬ್ಬಿಗೆ ಅಂಥ ಸುತ್ತೋಲೆ ಇನ್ನೂ ಹೊರಟಿಲ್ಲ.

ಆದುದರಿಂದ ಚೀಲದ ಆಯ್ಕೆಯಲ್ಲಿ ಲೀಟರು, ಡೆನಿಯರು, ಜಿಪ್ಪುಗಳಿಗಿಂತ ಮುಖ್ಯವಾದ ಗುಣವೊಂದನ್ನು ಪೂರ್ವಸೂರಿಗಳು ಗಮನಿಸಲಿಲ್ಲವೆನ್ನಬೇಕು. ಅದೆಂದರೆ ಚೀಲದ ನಿರಾಕರಣಶಕ್ತಿ. ದೊಡ್ಡ ಸೂಟ್‌ಕೇಸು ಇಟ್ಟುಕೊಂಡು ಜಾಗವಿಲ್ಲ ಎನ್ನುವವನು ಸಂಬಂಧ ಕೆಡಿಸಿಕೊಳ್ಳುತ್ತಾನೆ. ಸಣ್ಣ ಚೀಲದವನು ವಿಮಾನ ಸಂಸ್ಥೆಯ ಮೇಲೆ ತಪ್ಪು ಹೊರಿಸಿ, ಕೈಮುಗಿದು, ಆಶೀರ್ವಾದವನ್ನಷ್ಟೇ ಪಡೆದು ಹೊರಡಬಹುದು. ಈ ದೃಷ್ಟಿಯಿಂದ, ಎರಡೂ ಪಕ್ಕಗಳಲ್ಲಿ ಬಿಗಿಪಟ್ಟಿಗಳಿರುವ, ಅಂದರೆ ಎಳೆದರೆ ಚೀಲವನ್ನು ಚಪ್ಪಟೆ ಮಾಡುವ, ಸಡಿಲಿಸಿದರೆ ಉಬ್ಬಿಸುವ ಲಾಡಿಗಳಿರುವ ಚೀಲವೇ ಶ್ರೇಷ್ಠ. ನೆಂಟರ ಮನೆಯಲ್ಲಿ ಸಡಿಲಿಸಿದಾಗ ಅದು ಕಿಕ್ಕಿರಿದು ತುಂಬಿದಂತೆಯೂ, ನಿಲ್ದಾಣದಲ್ಲಿ ಬಿಗಿದಾಗ ಏನೂ ಇಲ್ಲದಂತೆಯೂ ಕಾಣುತ್ತದೆ.

ಈ ಸಿದ್ಧಾಂತಕ್ಕೂ ಒಂದು ಆಕ್ಷೇಪ ಉಳಿಯುತ್ತದೆ. ಬೆನ್ನುಚೀಲ ತುಂಬಿದೆಯೆಂದು ಖಚಿತವಾದ ಮೇಲೆ ದೊಡ್ಡಮ್ಮ ಒಳಗೆ ಹೋಗಿ, ಮದುವೆಯ ಸೀರೆ ಕೊಂಡಾಗ ಜವಳಿ ಅಂಗಡಿಯವರು ಕೊಟ್ಟ ಕೈಚೀಲವನ್ನು ತರುತ್ತಾರೆ, ಡಬ್ಬಿಗಳನ್ನೆಲ್ಲ ಅದರಲ್ಲಿ ಜೋಡಿಸುತ್ತಾರೆ, ಮೇಲೆ ಒಂದು ಹಿಡಿ ಮಲ್ಲಿಗೆ ಇಡುತ್ತಾರೆ. ಇದರಿಂದ ಏಕಚೀಲ ವ್ರತ ಭಂಗವಾಗುವುದಿಲ್ಲವೇ ಎಂದು ಕೇಳಬಾರದು. ಕನ್ನಡ ನಾಡಿನ ಲೆಕ್ಕಾಚಾರದಲ್ಲಿ ಜವಳಿ ಅಂಗಡಿಯ ಕೈಚೀಲ ಎಂದಿಗೂ ಲಗೇಜಲ್ಲ, ಮತ್ತು ಈ ಒಂದು ವಿಷಯದಲ್ಲಿ ಬಂಧುಗಳೆಲ್ಲರಿಗೂ ಒಮ್ಮತವಿದೆ. ಭಿನ್ನಮತವಿರುವುದು ವಿಮಾನ ಸಂಸ್ಥೆಗೆ ಮಾತ್ರ.