ಸಿಹಿನೀರಿನ ಸೀಮೆಗೆ ಉಪ್ಪಿನ ಶಾಸ್ತ್ರ

ಔಟ್‌ಬೋರ್ಡ್ ಎಂಜಿನ್ನು, ಅಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸಿ ಅದರ ಪಂಖವನ್ನು ನೀರಿಗೆ ಇಳಿಬಿಡುವ ಯಂತ್ರವು, ಗೋಕಾಕದವರ ಮಟ್ಟಿಗೆ ನೆರೆಯೊಡನೆ ಬಂದು ನೆರೆಯೊಡನೆಯೇ ಹೋಗುವ ಅತಿಥಿಯಾಗಿದ್ದು, 2019ರ ಆಗಸ್ಟ್‌ನಂತೆ ಘಟಪ್ರಭೆಯೇ ಪೇಟೆಗೆ ಬಂದಾಗಲಲ್ಲದೆ ಅದರ ನೆನಪು ಯಾರಿಗೂ ಆಗುವುದಿಲ್ಲ. ಘಟಪ್ರಭೆಯದು ಸಿಹಿನೀರಾದ್ದರಿಂದ, ಉಪ್ಪು ಯಂತ್ರವನ್ನು ತಿನ್ನುವ ಚಿಂತೆ ಕಾರವಾರದವರಿಗೇ ಮೀಸಲೆಂದು ಈ ಭಾಗದವರು ಭಾವಿಸಿದರೆ ತಪ್ಪಲ್ಲ. ಮೂಡಲಗಿಯ ಕೊಳವೆಬಾವಿಗಳನ್ನು ಮಾತ್ರ ಕೇಳಬಾರದು.

ಕಡಲಿನ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎಂಜಿನ್ನು ತಾನು ಈಜುವ ನೀರನ್ನೇ ಹೀರಿ ಒಡಲನ್ನು ತಣಿಸಿಕೊಳ್ಳುವುದರಿಂದ, ದಡ ಸೇರಿದ ಮೇಲೆ ಒಳಗಿನ ಕಿಂಡಿಗಳಲ್ಲಿ ಉಳಿದ ನೀರು ಆರಿ ಉಪ್ಪು ಹರಳುಗಟ್ಟುತ್ತದೆ. ಆದಕಾರಣ ಪ್ರತಿ ಸಲವೂ ಸಿಹಿನೀರು ಹಾಯಿಸಿ ಅದನ್ನು ತೊಳೆಯಬೇಕು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಹುಕ್ಕೇರಿಯ ರೈತನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲವಾದರೂ, ಬಣ್ಣದ ವಿಷಯದಲ್ಲಿ ಅವನ ಕೈ ಹಿಡಿಯಬೇಕಾಗುತ್ತದೆ. ಪಂಖದ ಬಳಿ ಸವೆದ ಸಾಬೂನಿನ ಚೂರಿನಂತಹ ಬೂದುಬಣ್ಣದ ಸತುವಿನ ತುಂಡೊಂದನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಉಪ್ಪುನೀರಿನಲ್ಲಿ ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವುಗಳ ನಡುವೆ ವಿದ್ಯುತ್ತು ಹರಿದು, ಬೇಗ ಕರಗುವ ಸ್ವಭಾವದ ಲೋಹವೇ ಸವೆಯುವುದರಿಂದ, ಅಲ್ಯೂಮಿನಿಯಮ್ಮಿನ ಮೈ ಉಳಿಯಲೆಂದು ಸತುವನ್ನು ಮುಂದೊಡ್ಡಲಾಗಿದೆ. ಇದನ್ನು ಶಾಸ್ತ್ರವು ತ್ಯಾಗದ ಆನೋಡ್ ಎಂದು ಗೌರವಿಸುತ್ತದೆ, ಮನೆತನದ ಸಾಲವನ್ನೆಲ್ಲ ಹೊತ್ತ ಹಿರಿಯ ಮಗನೆಂದರೂ ನಡೆದೀತು. ಅಂದಕ್ಕೆಂದು ಅದಕ್ಕೆ ಬಣ್ಣ ಬಳಿದರೆ ನೀರು ತಾಗದೆ ಸತುವು ಹೊಚ್ಚ ಹೊಸದಾಗಿ ಉಳಿಯುತ್ತದೆ, ಎಂಜಿನ್ನು ಹೋಗುತ್ತದೆ. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಇದೇ ಉಪಾಯದಿಂದ ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡಿದಾಗ, ಕರಗುವುದನ್ನು ಬಿಟ್ಟ ತಾಮ್ರದಲ್ಲಿ ವಿಷವೂ ಇಲ್ಲವಾಗಿ, ಸಮುದ್ರದ ಚಿಪ್ಪುಜೀವಿಗಳು ಸಕುಟುಂಬವಾಗಿ ಬಂದು ನೆಲೆಸಿದವಂತೆ.

ಮೂಡಲಗಿಯ ಕಡೆ ಕಬ್ಬಿಗೆ ಕಾಲುವೆಯ ನೀರನ್ನು ಧಾರಾಳವಾಗಿ ಬಿಟ್ಟ ಎರೆಮಣ್ಣಿನಲ್ಲಿ, ನೀರು ಬಸಿದುಹೋಗದೆ ಉಪ್ಪು ಮೇಲೆದ್ದು, ಹೊಲವೂ ಬಾವಿಯೂ ಸವಳಾಗುತ್ತವೆ. ಅಂತಹ ಬಾವಿಗೆ ಇಳಿಸಿದ ಜಿ.ಐ. ಪೈಪಿನ ಹೊಳಪು ಅದೇ ಸತುವಿನದು. ಅದು ತೀರಿದ ಮೇಲೆ ಕಬ್ಬಿಣಕ್ಕೆ ತುಕ್ಕು, ಇಲ್ಲಿಯವರ ಮಾತಿನ ಜಂಗು, ಹತ್ತಿ ಜೋಡಣೆಯ ಹಲ್ಲುಗಳು ಬಿಸ್ಕತ್ತಿನಂತೆ ಉದುರುತ್ತವೆ. ಆಗ ರೈತನು ತ್ಯಾಗ ಮಾಡಲು ಏನೂ ಇಲ್ಲದ ಪ್ಲಾಸ್ಟಿಕ್ ಪೈಪನ್ನು ಇಳಿಸಿ, ಅದು ಕಳಚಿದರೂ ಮೋಟರು ಪಾತಾಳ ಸೇರದಿರಲೆಂದು ನೈಲಾನ್ ಹಗ್ಗ ಕಟ್ಟಿ, ಹಗ್ಗದ ಮೇಲಿನ ತುದಿಯನ್ನು ನೆಮ್ಮದಿಯಿಂದ ಒಂದು ಕಬ್ಬಿಣದ ಗೂಟಕ್ಕೆ ಬಿಗಿಯುತ್ತಾನೆ.